ಕೀ ಇಲ್ಲದ ಲಾರಿ

ಮಿಲಿಟರಿ ಲಾರಿಗೆ ಕೀ ಇರುವುದಿಲ್ಲ. ಇದನ್ನು ಹೇಳಿದರೆ ಹೊಸ ಗಿರಾಕಿಗಳು, ಹೆಂಗಸು, ಇವಳಿಗೇನು ಗೊತ್ತು ಅನ್ನುವ ಹಾಗೆ ನನ್ನ ಮುಖ ನೋಡುತ್ತಾರೆ. ಗೊತ್ತಿದ್ದೇ ಹೇಳುತ್ತೇನೆ. ನಮ್ಮ ಶೆಡ್ಡಿಗೆ ಬರುವ ಹಳೇ ಲಾರಿಗಳಲ್ಲಿ ತಿರುಗಿಸುವ ಒಂದು ಸ್ವಿಚ್ಚು, ಒತ್ತುವ ಒಂದು ಗುಂಡಿ, ಅಷ್ಟೇ. ಗುಂಡು ಹಾರುವ ಹೊತ್ತಿನಲ್ಲಿ ಕೀ ಯಾರ ಜೇಬಿನಲ್ಲಿದೆ ಅಂತ ಹುಡುಕುತ್ತಾ ಕೂರಲಾಗುತ್ತದೆಯೇ? ಹತ್ತಿರ ಇದ್ದವನು ಹತ್ತಿ ಓಡಿಸಬೇಕು.

ಹರಾಜಿನಲ್ಲಿ ಬಂದ ಇಂಥ ಲಾರಿಗಳನ್ನು ನಾವು ಬಿಚ್ಚಿ, ತುಕ್ಕು ಕೆರೆದು, ಯಾರಿಗೆ ಹೇಗೆ ಬೇಕೋ ಹಾಗೆ ಮಾಡಿ ಕೊಡುತ್ತೇವೆ. ಒಬ್ಬರಿಗೆ ನೀರಿನ ಟ್ಯಾಂಕರು, ಇನ್ನೊಬ್ಬರಿಗೆ ಕಲ್ಲು ಸಾಗಿಸುವ ಗಾಡಿ. ಏನೇ ಮಾಡಿದರೂ ಮೊದಲ ಕೆಲಸ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಕೀ ಕೂರಿಸುವುದು. ಕೀ ಇಲ್ಲದೆ ಅಂಗಳದಲ್ಲಿ ಉಳಿದಿದ್ದ ಲಾರಿ ಒಂದೇ, ನಮ್ಮಣ್ಣನದು.

ಅಣ್ಣ ಸೈನ್ಯದಲ್ಲಿ ಇದೇ ತರಹದ ಲಾರಿ ಓಡಿಸಿಕೊಂಡಿದ್ದವನು. ಬಿಟ್ಟು ಬಂದ ಮೇಲೆ ಅಪ್ಪನ ಶೆಡ್ಡು ಸೇರಿಕೊಂಡು, ಒಂದು ಲಾರಿಯ ಹಿಂದೆ ಕೊಕ್ಕೆ, ಸರಪಳಿ ಕೂರಿಸಿ, ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರಲು ಇಟ್ಟುಕೊಂಡ. ನಿಂತರೆ ನರಳುವ, ಹೊರಟರೆ ಕೆಮ್ಮುವ ಆ ಲಾರಿಗೆ ನಾನು ದೊಡ್ಡಪ್ಪ ಅಂತ ಹೆಸರಿಟ್ಟೆ. ದೊಡ್ಡಪ್ಪನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದವಳು ನಾನು. ಸ್ಟಿಯರಿಂಗ್ ಮಾತ್ರ ಅಣ್ಣ ನನಗೆ ಒಂದು ದಿನವೂ ಕೊಟ್ಟವನಲ್ಲ. "ರಿಪೇರಿ ನೀನು ಮಾಡು ಮೆಣಸಿನಕಾಯಿ, ಓಡಿಸೋದು ನನಗಿರಲಿ" ಅನ್ನುತ್ತಿದ್ದ. ಮೆಣಸಿನಕಾಯಿ ಅಂದರೆ ನಾನು. ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಈಗ ಅಣ್ಣನ ಕಣ್ಣು ಹೋಗುತ್ತಿದೆ. ಕೊಳವೆಯಲ್ಲಿ ನೋಡಿದ ಹಾಗೆ ನೇರ ಎದುರಿನದಷ್ಟೇ ಕಾಣುತ್ತದೆ. ಪಕ್ಕದ್ದು, ಕೆಳಗಿನದು ಕಾಣುವುದಿಲ್ಲ. ಹೋದದ್ದು ವಾಪಸ್ ಬರುವುದಿಲ್ಲ, ಗಾಡಿ ಮುಟ್ಟಬೇಡಿ ಅಂತ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಹೂಂ ಹೂಂ ಅಂತ ತಲೆಯಾಡಿಸಿ ಬಂದವನು ಮಾರನೇ ದಿನವೇ ಲಾರಿ ಹತ್ತಿದ. ಹೋದ ವಾರ ತಿರುವಿನಲ್ಲಿ, ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಒಬ್ಬ ಹೆಂಗಸು ನಾನು ಕಿರುಚುವಷ್ಟರಲ್ಲಿ ಮಡ್‌ಗಾರ್ಡಿಗೆ ಸಿಕ್ಕಬೇಕಿತ್ತು. ಆಕೆ ಪಕ್ಕಕ್ಕೆ ಹಾರಿದಳು, ಬದುಕಿದಳು, ಸೈಕಲ್ಲು ನುಜ್ಜುಗುಜ್ಜಾಯಿತು. "ಇವರು ಎಲ್ಲಿಂದ ಬಂದ್ರು?" ಅಂತ ಅಣ್ಣ ನನ್ನನ್ನೇ ಕೇಳಿದ. ಆಕೆ ಅಷ್ಟು ದೂರದಿಂದ ರಸ್ತೆಯ ಬದಿಯಲ್ಲೇ ನಡೆದು ಬರುತ್ತಿದ್ದಳು.

ಸುದ್ದಿ ಕೇಳಿದ ಅತ್ತಿಗೆ ಪಾತ್ರೆ ತೊಳೆಯುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದರು, "ಊರವರ ಲಾರಿಗೆಲ್ಲ ಕೀ ಹಾಕ್ತೀಯ. ನಮ್ಮದಕ್ಕೊಂದು ಹಾಕೋಕೆ ಕೈ ಬರಲ್ವಾ?"

"ಗೊತ್ತಾದ್ರೆ ಅವನು ನನ್ನ ಜೊತೆ ಮಾತು ಬಿಡ್ತಾನೆ ಅತ್ತಿಗೆ."

"ಬಿಡ್ಲಿ. ಯಾರನ್ನಾದ್ರೂ ಸಾಯಿಸಿ ಬಂದ್ರೆ ನಿಮ್ಮಣ್ಣ ಯಾರ ಜೊತೆನೂ ಮಾತಾಡಲ್ಲ. ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ನನಗೆ ಗೊತ್ತು."

ಅತ್ತಿಗೆ ಅಣ್ಣನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ನಾನು ಡ್ರಿಲ್ಲು ಎತ್ತಿಕೊಂಡು ಲಾರಿ ಹತ್ತಿದೆ. ಸ್ವಿಚ್ಚಿನ ಸುತ್ತಲಿನ ಹಸಿರು ಬಣ್ಣ ಅಣ್ಣನ ಬೆರಳು ತಾಗಿ ತಾಗಿ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಅಳು ಬಂತು, ಸಿಟ್ಟೂ ಬಂತು. ನನಗೆ ಎರಡೂ ಒಟ್ಟಿಗೇ ಬರುತ್ತವೆ. ತೂತು ಕೊರೆದೆ. ಸ್ಟಾರ್ಟರಿನ ತಂತಿಯನ್ನು ಕೀ ಮೂಲಕ ಹಾಯಿಸಿದೆ. ಕೀಯನ್ನು ಜೇಬಿಗಿಳಿಸಿ, ಜಗಳಕ್ಕೆ ಮಾತು ಜೋಡಿಸಿಕೊಂಡು ಕಾದೆ.

ಅಣ್ಣ ಬಂದು ಸೀಟಿನಲ್ಲಿ ಕೂತ. ಹೊಸ ತೂತಿನ ಸುತ್ತ ಬೆರಳಾಡಿಸಿದ. "ಸ್ವಲ್ಪ ಓರೆಯಾಗಿದೆ" ಅಂದು ಇಳಿದು ಮನೆಯೊಳಗೆ ಹೋದ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವನು ಏನೂ ಆಗಿಲ್ಲದವನ ಹಾಗೆ ಹೊಟ್ಟೆ ತುಂಬ ಊಟ ಮಾಡಿದ, ಅದು ನನ್ನನ್ನು ಇನ್ನಷ್ಟು ಉರಿಸಿತು.

ಮಾರನೇ ಬೆಳಿಗ್ಗೆ ನಾನು ಇನ್ನೊಂದು ಲಾರಿಯ ಕೆಳಗೆ ಮಲಗಿ ಗೇರ್‌ಬಾಕ್ಸಿನ ಬೋಲ್ಟಿನ ಜೊತೆ ಗುದ್ದಾಡುತ್ತಿದ್ದೆ. ದೊಡ್ಡಪ್ಪನ ಚಕ್ರಕ್ಕೆ ಕೊಟ್ಟ ಕಲ್ಲು ಎಳೆದ ಸದ್ದು ಕೇಳಿಸಿತು. ನಮ್ಮ ಅಂಗಳ ಶೆಡ್ಡಿನಿಂದ ಗೇಟಿನವರೆಗೆ ಇಳಿಜಾರು. ಬ್ಯಾಟರಿ ಕೈಕೊಟ್ಟರೂ ಗಾಡಿ ನಿಲ್ಲಬಾರದು ಅಂತ, ಸೈನ್ಯದಲ್ಲಿ ಕಲಿತ ಹಾಗೆ, ಅಣ್ಣ ದೊಡ್ಡಪ್ಪನನ್ನು ಯಾವಾಗಲೂ ಗೇಟಿನ ಕಡೆ ಮೂತಿ ಮಾಡಿ ಇಳಿಜಾರಿನಲ್ಲೇ ನಿಲ್ಲಿಸುತ್ತಿದ್ದ. ಹಳೇ ಡೀಸೆಲ್ ಎಂಜಿನ್ನಿಗೆ ಕೀಯೂ ಬೇಡ, ಕರೆಂಟೂ ಬೇಡ. ಉರುಳಿಸಿ ಗೇರಿಗೆ ಹಾಕಿದರೆ ತಾನೇ ಸ್ಟಾರ್ಟಾಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ನಾನು ತೆವಳಿ ಹೊರಗೆ ಬರುವಷ್ಟರಲ್ಲಿ ಲಾರಿ ಉರುಳುತ್ತಿತ್ತು. ಎಂಜಿನ್ನು ಕೆಮ್ಮಿ ಎದ್ದಿತು. "ಅಣ್ಣಾ, ನಿಲ್ಸೋ!" ಅಂತ ಕೂಗುತ್ತಾ ಓಡಿದೆ. ಗೇಟು ತೆರೆದೇ ಇತ್ತು. ಆಚೆ ರಸ್ತೆಯಲ್ಲಿ ಸ್ಕೂಲಿಗೆ ಹೊರಟ ಮಕ್ಕಳಿದ್ದರು. ಅತ್ತಿಗೆ ಬಾಗಿಲಿಗೆ ಬಂದವರು ಅಲ್ಲೇ ಕಲ್ಲಾದರು.

ಲಾರಿ ಗೇಟಿನವರೆಗೆ ಹೋಗಲಿಲ್ಲ. ನಡುವೆಯೇ ತಿರುಗಿ, ಹಳೇ ಟೈರುಗಳ ರಾಶಿಯ ಪಕ್ಕದ ಸಮತಟ್ಟು ಜಾಗಕ್ಕೆ ಬಂದು, ಗೋಡೆಗೆ ಮುಖ ಮಾಡಿ ನಿಂತಿತು. ಅಣ್ಣ ಎಂಜಿನ್ನು ಆರಿಸಿ ಇಳಿದ. ಚಕ್ರಗಳ ಮುಂದೊಂದು, ಹಿಂದೊಂದು ಕಲ್ಲು ಕೊಟ್ಟ.

"ಇಳಿಜಾರಲ್ಲಿ ನಿಂತ ಗಾಡಿಗೆ ನಿನ್ನ ಕೀ ಯಾವ ಲೆಕ್ಕ?" ಅಂದ. "ಇಲ್ಲಿ ಸಮ ಇದೆ. ಇಲ್ಲಿಂದ ಕೀ ಇಲ್ದೆ ನನ್ನ ಕೈಲೂ ಆಗಲ್ಲ."

ನಾನು ಬೈಯುವ ಮೊದಲೇ ಅವನೇ ಕೇಳಿದ.

"ಇಳಿಜಾರು ಮರೆತಿದ್ಯಾ? ಬೇಕಂತ ಬಿಟ್ಟಿದ್ಯಾ?"

ಬೇರೆಯವರ ಲಾರಿಯಾಗಿದ್ದರೆ ಕೀ ತೆಗೆದರೆ ಡೀಸೆಲ್ ಪೈಪೂ ಬಂದ್ ಆಗುವ ಹಾಗೆ ಕಟ್ಟಿಕೊಡುತ್ತಿದ್ದೆ. "ಮನಸ್ಸು ಬರಲಿಲ್ಲ ಕಣೋ" ಅಂದೆ.

ಅಣ್ಣ ಸುತ್ತಿಕೊಂಡು ಹೋಗಿ ಎಡಗಡೆಯ ಸೀಟು ಹತ್ತಿದ. ಅದು ನನ್ನ ಸೀಟು. "ಬಾ. ಸೇತುವೆ ಹತ್ರ ವ್ಯಾನೊಂದು ಕೆಟ್ಟು ನಿಂತಿದೆಯಂತೆ."

"ನಾನು ಓಡಿಸ್ಲಾ?"

"ಮತ್ತೆ ಕೀ ಯಾರ ಹತ್ರ ಇದೆ?"

ಹತ್ತಿದೆ. ಸೀಟು ಅವನ ಮೈಯ ಅಳತೆಗೆ ತಗ್ಗುಬಿದ್ದಿತ್ತು. ಕೀ ತಿರುಗಿಸಿ ಗುಂಡಿ ಒತ್ತಿದೆ; ದೊಡ್ಡಪ್ಪ ಗೊಣಗಿಕೊಂಡೇ ಎದ್ದ. ಇನ್ನು ಹಿಂದಕ್ಕೆ ತೆಗೆಯಬೇಕು. ಡ್ರೈವರು ಕೇಳುವುದು, ಪಕ್ಕದವರು ನೋಡಿ ಹೇಳುವುದು ನಮ್ಮ ರೂಢಿ. ಇಷ್ಟು ವರ್ಷ ಅವನು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ಅದೇ ರೂಢಿಯಲ್ಲಿ ಕೇಳಿಬಿಟ್ಟೆ.

"ಎಡಗಡೆ?"

ಅಣ್ಣ ಕಿಟಕಿಯಿಂದ ತಲೆ ಹೊರಗೆ ಹಾಕಿ, ಹಿಂದಕ್ಕೆ ಕತ್ತು ಹೊರಳಿಸಿ, ಬಹಳ ಹೊತ್ತು ನೋಡಿದ.

"ನನಗೆ ಕಾಣೋಷ್ಟರಲ್ಲಿ ಯಾರೂ ಇಲ್ಲ" ಅಂದ. ಆಮೇಲೆ ತಲೆ ಒಳಗೆ ತೆಗೆದುಕೊಂಡ. "ಕಾಣದೇ ಇರೋದ್ರಲ್ಲಿ ಯಾರಿದ್ದಾರೋ ಗೊತ್ತಿಲ್ಲ. ನೀನೇ ಇಳಿದು ನೋಡು, ಪುಟ್ಟಿ."

ಪುಟ್ಟಿ ಅಂತ ಅವನು ನನ್ನನ್ನು ಕರೆದು ಎಷ್ಟೋ ಕಾಲವಾಗಿತ್ತು. ಇಳಿದು ಸುತ್ತು ಹಾಕಿ ಹೋದೆ. ಎಡಗಡೆಯ ಹಿಂದಿನ ಚಕ್ರದ ಹತ್ತಿರ ಅತ್ತಿಗೆ ಬಗ್ಗಿ, ಅಡ್ಡ ಕೊಟ್ಟ ಕಲ್ಲು ತೆಗೆಯುತ್ತಿದ್ದರು. ಅವನ ಮಾತು ಅವರಿಗೂ ಕೇಳಿಸಿತ್ತು. ಕಲ್ಲು ಎತ್ತಿಕೊಂಡು ದೂರ ಸರಿದು ನಿಂತರು.

ನಾನು ವಾಪಸ್ ಹತ್ತಿ, "ಈಗ ಯಾರೂ ಇಲ್ಲ" ಅಂದೆ.

"ಯಾರಿದ್ರು?"

ಸುಳ್ಳು ಹೇಳಬಹುದಿತ್ತು. "ಅತ್ತಿಗೆ" ಅಂದೆ.

ಅಣ್ಣ ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ನಾನು ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆ.