ನೂರ ಹತ್ತು, ಎಪ್ಪತ್ತು

ಬೀದಿಯ ಕೊನೆಯಲ್ಲಿದ್ದ ಆರೋಗ್ಯ ಉಪಕೇಂದ್ರದ ಚಾವಣಿ ಕುಸಿದು ಎರಡು ವರ್ಷವಾಗಿತ್ತು. ಬೀಗ ಹಾಕಿದ ಬಾಗಿಲ ಮೇಲೆ ರಾಜ್ಯ ಸರ್ಕಾರದ ಫಲಕ ಮಾತ್ರ ಹೊಸದು: ‘ಪ್ರತಿ ಮನೆಗೂ ಪ್ರತಿ ತಿಂಗಳು ತಪಾಸಣೆ. ಸಾಧನೆ ನೂರಕ್ಕೆ ನೂರು.’

ಮನೆಭೇಟಿ ಪುಸ್ತಕ ನೆನೆಯಬಾರದೆಂದು ನರ್ಸಮ್ಮ ಅದನ್ನು ಟೈಲರಮ್ಮನ ಮನೆಯಲ್ಲಿಟ್ಟಿದ್ದರು. ಟೈಲರಮ್ಮನಿಗೆ ಅದೊಂದು ಹೆಮ್ಮೆ. ನರ್ಸಮ್ಮ ಬಂದಾಗಲೆಲ್ಲ ಹೆಂಗಸರನ್ನು ಕೂಗಿ ಕರೆಯುವ ರಗಳೆ ಬೇಡವೆಂದು ಅವಳೇ ಒಂದು ಉಪಾಯ ಮಾಡಿದ್ದಳು. ಜನವರಿಯಲ್ಲಿ ಬೀದಿಯವರನ್ನೆಲ್ಲ ಕೂರಿಸಿ, ಹನ್ನೆರಡು ತಿಂಗಳ ಹನ್ನೆರಡು ಪುಟಕ್ಕೂ ಒಂದೇ ಸಲ ಸಹಿ ಹಾಕಿಸಿಬಿಟ್ಟಿದ್ದಳು. ಸಹಿಯ ಪಕ್ಕದ ಅಂಕಿಗಳನ್ನು ನರ್ಸಮ್ಮ ಬಂದಾಗ ತುಂಬಿಕೊಳ್ಳುತ್ತಿದ್ದರು.

ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ಟೈಲರಮ್ಮನ ಎಂಟು ತಿಂಗಳ ಬಸುರಿ ಸೊಸೆ ಗುಂಡಿ ಹೊಲಿಯುತ್ತಿದ್ದವಳು ಸೂಜಿ ಕೆಳಗಿಟ್ಟಳು.

“ಅತ್ತೆ, ತಲೆ ಸಿಡೀತಿದೆ. ಕಣ್ಮುಂದೆ ಬೆಳಕಿನ ಚುಕ್ಕಿ ಹಾರಾಡ್ತಿವೆ.”

“ಮೂರು ಹೊತ್ತೂ ಸೂಜಿ ನೋಡಿದ್ರೆ ಇನ್ನೇನು ಹಾರುತ್ತೆ? ಮಲಗು ಹೋಗು.”

ರವಿಕೆ ಒಯ್ಯಲು ಬಂದಿದ್ದ ಪಕ್ಕದ ಮನೆಯವಳು ಹೊಸ್ತಿಲಲ್ಲೇ ನಿಂತಳು. ಅವಳು ಡೇರಿಯಲ್ಲಿ ಹಾಲಿನ ಡಿಗ್ರಿ ಅಳೆದು ಪರೀಕ್ಷೆ ಮಾಡುವವಳು, ಅದಕ್ಕೇ ಬೀದಿಯವರಿಗೆಲ್ಲ ‘ಡಿಗ್ರಿ’. ಅವಳು ಬಗ್ಗಿ ಸೊಸೆಯ ಕಾಲನ್ನು ಬೆರಳಿಂದ ಒತ್ತಿದಳು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

“ಇವಳ ರಕ್ತದೊತ್ತಡ ನೋಡಿಸಿದ್ರಾ?”

“ಶುರುವಾಯ್ತು ನೋಡು ನಿನ್ನ ಡಿಗ್ರಿ! ಇದೇನು ಹಾಲೇ?” ಎಂದು ಟೈಲರಮ್ಮ ನಕ್ಕಳು. “ಎಲ್ಲ ಪುಸ್ತಕದಲ್ಲಿದೆ. ಬೇಕಾದ್ರೆ ನೋಡ್ಕೋ.”

ಡಿಗ್ರಿ ಅಕ್ಟೋಬರ್ ಪುಟ ತೆರೆದಳು. ಸೊಸೆಯ ಸಾಲಿನಲ್ಲಿ ನೂರ ಹತ್ತು, ಎಪ್ಪತ್ತು. ‘ಆರೋಗ್ಯವಾಗಿದ್ದಾರೆ.’

“ನೋಡಿದ್ಯಾ?”

ಡಿಗ್ರಿ ಆ ಸಾಲಿನ ಮೇಲೆ ಬೆರಳಿಟ್ಟಳು. ಬೆರಳು ಕೆಳಗಿಳಿಯಿತು. ನೂರ ಹತ್ತು, ಎಪ್ಪತ್ತು. ಅದರ ಕೆಳಗೂ ಅಷ್ಟೇ. ನಲವತ್ತೊಂದು ಹೆಂಗಸರು, ನಲವತ್ತೊಂದು ಸಲ ಅದೇ ಅಂಕಿ.

“ಟೈಲರಮ್ಮ, ಒಂದೇ ಎಮ್ಮೆ ಬೆಳಿಗ್ಗೆ ಕೊಟ್ಟ ಹಾಲಿಗೂ ಸಂಜೆ ಕೊಟ್ಟ ಹಾಲಿಗೂ ಡಿಗ್ರಿ ಬೇರೆ. ನಲವತ್ತು ಕ್ಯಾನಿಗೂ ಒಂದೇ ಅಂಕಿ ಬರೆದಿದ್ರೆ ಯಾರೂ ಅಳೆದಿಲ್ಲ ಅಂತ ಅರ್ಥ.”

“ಸರ್ಕಾರದ ಪುಸ್ತಕ ಸುಳ್ಳು ಹೇಳುತ್ತಾ?”

ಡಿಗ್ರಿಯ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಅವಳು ಪುಸ್ತಕವನ್ನು ನಿಧಾನವಾಗಿ ಟೈಲರಮ್ಮನ ಕಡೆ ತಿರುಗಿಸಿದಳು.

ಅದು ಟೈಲರಮ್ಮನ ಸ್ವಂತ ಅಕ್ಕನ ಸಹಿ. ಅಕ್ಕ ಏಪ್ರಿಲ್‌ನಲ್ಲೇ ತೀರಿಹೋಗಿದ್ದಳು.

ಟೈಲರಮ್ಮ ಪುಟಗಳನ್ನು ಹಿಂದಕ್ಕೆ ತಿರುವಿ, ಮೇ ತಿಂಗಳಿಂದ ನೋಡುತ್ತ ಬಂದಳು. ಮೇ: ಅಕ್ಕನ ಸಹಿ, ನೂರ ಹತ್ತು, ಎಪ್ಪತ್ತು. ಜೂನ್: ಆರೋಗ್ಯವಾಗಿದ್ದಾರೆ. ಜುಲೈ, ಆಗಸ್ಟ್. ಜನವರಿಯಲ್ಲಿ ಒಂದೇ ಸಮನೆ ಹನ್ನೆರಡು ಸಲ ಬರೆದ ಮುದುಕಿಯ ಕೈ ಸೋತಿತ್ತು. ಪುಟದಿಂದ ಪುಟಕ್ಕೆ ಅಕ್ಷರ ಹೆಚ್ಚು ಹೆಚ್ಚು ನಡುಗುತ್ತಿತ್ತು. ಸತ್ತ ಮೇಲೂ ಅಕ್ಕ ತಿಂಗಳು ತಿಂಗಳೂ ಎದ್ದು ಬಂದು, ಒಂದೊಂದು ಸಲವೂ ಇನ್ನಷ್ಟು ಬಳಲಿ, ಸಹಿ ಹಾಕಿ ಹೋದಂತಿತ್ತು.

ಹೊಲಿಗೆ ಯಂತ್ರದ ಚಕ್ರ ತಿರುಗುತ್ತಿರಲಿಲ್ಲ. ಆದರೂ ಟೈಲರಮ್ಮ ಅದನ್ನು ನಿಲ್ಲಿಸುವವಳಂತೆ ಕೈಯಿಂದ ಹಿಡಿದಳು.

“ಈ ಪುಟ ಕೂಡ ನೋಡಿ,” ಎಂದಳು ಡಿಗ್ರಿ. ಇನ್ನೂ ಬಾರದ ನವೆಂಬರ್. ಅದೂ ತುಂಬಿತ್ತು. ಅಕ್ಕ ಆರೋಗ್ಯವಾಗಿದ್ದಾಳೆ. ಸೊಸೆಯೂ ಆರೋಗ್ಯವಾಗಿದ್ದಾಳೆ.

ಇಬ್ಬರಿಗೂ ಒಂದೇ ಅಂಕಿ.

“ಆಟೋ ಕರೆಯೇ,” ಎಂದಳು ಟೈಲರಮ್ಮ. ಸೊಸೆಯ ತೋಳು ಹಿಡಿದು ಎಬ್ಬಿಸಿದಳು.

ದೊಡ್ಡಾಸ್ಪತ್ರೆಯಲ್ಲಿ ಸೊಸೆಯ ತೋಳಿಗೆ ಪಟ್ಟಿ ಸುತ್ತಿ ಅಳೆದರು. ನೂರ ಎಪ್ಪತ್ತು, ನೂರ ಹತ್ತು. “ನಾಳೆ ಬಂದಿದ್ರೆ ತಾಯಿ, ಮಗು ಇಬ್ಬರದೂ ಕಷ್ಟವಿತ್ತು,” ಎಂದರು ಡಾಕ್ಟರು. ಸೊಸೆ ಉಳಿದಳು, ಮಗು ಅವಧಿಗೆ ಮೊದಲೇ ಹುಟ್ಟಿತು. ಅಂಗೈ ಅಗಲದ ಬೆನ್ನು. ಆದರೆ ಅಳುವುದಕ್ಕೆ ದನಿಯಿತ್ತು.

ವಾರದ ನಂತರ ನರ್ಸಮ್ಮ ಬಂದಾಗ ಟೈಲರಮ್ಮ ಪುಸ್ತಕವನ್ನು ಅವರ ಮುಂದಿಟ್ಟಳು. “ನಮ್ಮಕ್ಕನ ಕೈ ಹಿಡಿದು ನೋಡಿದ್ರಲ್ಲ ನರ್ಸಮ್ಮ, ತಣ್ಣಗಿತ್ತಾ?”

ನರ್ಸಮ್ಮ ಕುರ್ಚಿಯ ಅಂಚಿಗೆ ಕೂತರು. “ನಾಲ್ಕು ಹುದ್ದೆಯಲ್ಲಿ ಮೂರು ಖಾಲಿ ಇವೆ, ನಾಲ್ಕು ವರ್ಷದಿಂದ. ಹದಿನಾಲ್ಕು ಬೀದಿಗೆ ನಾನೊಬ್ಬಳೇ. ಅಳೆಯೋ ಯಂತ್ರ ಕೆಟ್ಟು ವರ್ಷವಾಯ್ತು. ಖಾಲಿ ಸಾಲು ಕಳಿಸಿದ್ರೆ ನೋಟಿಸು ಬರುತ್ತೆ. ತುಂಬಿ ಕಳಿಸಿದ್ರೆ ಅದೇ ಅಂಕಿ ಫಲಕಕ್ಕೆ ಹೋಗುತ್ತೆ. ತಪ್ಪು ನಂದೇ, ಟೈಲರಮ್ಮ.”

“ನಂದೂ ಇದೆ. ಸಹಿ ಹಾಕಿಸಿದ್ದು ನಾನು.”

ವಾರ್ಡ್ ಸಭೆಯಲ್ಲಿ ಶಾಸಕರು ‘ನೂರಕ್ಕೆ ನೂರು’ ಎನ್ನುತ್ತಿದ್ದಂತೆ ಟೈಲರಮ್ಮ ಎದ್ದು ನಿಂತಳು. ಪುಸ್ತಕ ಎತ್ತಿ ಹಿಡಿದಳು.

“ಸ್ವಾಮಿ, ಆ ನೂರರಲ್ಲಿ ನಮ್ಮಕ್ಕನೂ ಒಬ್ಬಳು. ಮುಂದಿನ ತಿಂಗಳೂ ಅವಳು ಚೆನ್ನಾಗಿರ್ತಾಳೆ ಅಂತ ಬರೆದಿದ್ದೀರಿ. ನಮಗೆ ಅಂಕಿ ಬೇಡ. ಚಾವಣಿ ಕಟ್ಟಿಸಿ, ಮೂರು ನರ್ಸುಗಳನ್ನು ಕಳಿಸಿ. ಯಾವತ್ತು ಅಂತ ಇಲ್ಲೇ ಬರೆದು ಸಹಿ ಹಾಕಿ.”

ಶಾಸಕರು ಪೆನ್ನು ಹುಡುಕಿದರು. ಸಿಕ್ಕಲಿಲ್ಲ. ನಲವತ್ತು ಹೆಂಗಸರು ನಲವತ್ತು ಪೆನ್ನು ಚಾಚಿದರು. ಶಾಸಕರು ತಾರೀಖು ಬರೆದು ಸಹಿ ಹಾಕಿದರು. ಆ ತಾರೀಖು ಈಗ ಟೈಲರಮ್ಮನ ಗೋಡೆಯ ಮೇಲಿದೆ. ಬೀದಿಯವರು ದಿನ ಎಣಿಸುತ್ತಿದ್ದಾರೆ.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ಬಸುರಿಯ ಕಾಲು ಊದಿದರೆ, ತಲೆ ಸಿಡಿದರೆ, ಕಣ್ಮುಂದೆ ಚುಕ್ಕಿ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಮ ತೋಳಿಗೆ ಪಟ್ಟಿ ಸುತ್ತದೆ ಬರೆದ ಅಂಕಿಯನ್ನು ಒಪ್ಪಬೇಡಿ. ಆಗದ ಕೆಲಸಕ್ಕೆ ಸಹಿ ಹಾಕಬೇಡಿ. ಖಾಲಿ ಸಾಲು ಖಾಲಿಯೇ ಇರಲಿ, ಆಗಲೇ ಸರ್ಕಾರದ ಕೊರತೆ ಸರ್ಕಾರಕ್ಕೆ ಕಾಣುವುದು. ಮತ ಕೇಳಲು ಬಂದವರನ್ನು ಫಲಕದ ಮುಂದಲ್ಲ, ಬೀಗದ ಮುಂದೆ ನಿಲ್ಲಿಸಿ ಮಾತಾಡಿಸಿ.

ನಿಮ್ಮ ಬೀದಿಯ ಪುಸ್ತಕದಲ್ಲೂ ನಿಮ್ಮ ಹೆಸರಿನ ಒಂದು ಸಾಲಿದೆ. ಅದರಲ್ಲಿ ನೀವು ಹೇಗಿದ್ದೀರಿ, ಇವತ್ತೇ ಹೋಗಿ ನೋಡಿ.