ಕಬ್ಬಿಣವನ್ನೇ ಕೇಳುತ್ತಿದ್ದ ವರ್ಲಿನ್

ವರ್ಲಿನ್ ಸ್ಟುಟ್ಸ್‌ಮನ್ ಯಾರ ಮನೆಗೆ ಹೋದರೂ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ. ಕಾರುಶೆಡ್ಡಿನ ಬಾಗಿಲು ಮೇಲೇಳುತ್ತಿದ್ದಂತೆ, ಚಾಚಿದ ಕೈಯನ್ನು ದಾಟಿ, ಕಾಫಿಗೆ ಕರೆಯುವ ದನಿಯನ್ನು ದಾಟಿ, ಎಡಕ್ಕೆ ಕೊಂಚ ವಾಲಿದ ನಡಿಗೆಯಲ್ಲಿ ನೇರವಾಗಿ ಹೋಗಿ ಇಂಜಿನ್ನಿನ ಮೇಲೆ ಬಾಗಿಬಿಡುತ್ತಿದ್ದರು. ಆ ವಾಲು ವಯಸ್ಸಿನದಲ್ಲ, ಕೋಟಿನದು. ಜುಲೈ ತಿಂಗಳ ಸೆಕೆಯಲ್ಲೂ ಬಿಚ್ಚದ ಕಂದು ಕ್ಯಾನ್ವಾಸ್ ಕೋಟಿನ ಎಡಜೇಬಿನಲ್ಲಿ ಟಾರ್ಚು, ಸವೆದ ಹಲ್ಲುಜ್ಜುವ ಬ್ರಷ್ಷು, ಹಲ್ಲಿನ ಡಾಕ್ಟರರ ಉದ್ದ ಹಿಡಿಯ ಕನ್ನಡಿ, ಒಂದು ತುಂಡು ಸೀಮೆಸುಣ್ಣ. ನಲವತ್ತು ವರ್ಷಗಳ ಆ ಭಾರಕ್ಕೆ ದೇಹವೇ ಒಗ್ಗಿಕೊಂಡಿತ್ತು.

ಓಹಾಯೋದ ನಮ್ಮ ಊರಿನಲ್ಲಿ ಅರವತ್ತರ ದಶಕದ ಆ ದೊಡ್ಡ ಇಂಜಿನ್ನಿನ, ಗರ್ಜಿಸುವ ಮಸಲ್ ಕಾರುಗಳನ್ನು ಇಟ್ಟುಕೊಂಡವರಿಗೆಲ್ಲ ವರ್ಲಿನ್ ಬೇಕು, ಆದರೆ ಅವರೆಂದರೆ ಅಳುಕು. ಕಾರು ಹುಟ್ಟಿದಾಗ ಅದರೊಡನೆ ಹುಟ್ಟಿದ ಇಂಜಿನ್ನು ಇದೇಯೇ, ಅಥವಾ ನಡುವೆ ಯಾರೋ ತಂದು ಕೂರಿಸಿದ್ದೇ? ಅದನ್ನು ಹೇಳುವುದು ಇಂಜಿನ್ನಿನ ಮುಂಭಾಗದ ಬಲಮೂಲೆಯಲ್ಲಿರುವ, ಎರಡು ಬೆರಳಗಲದ ಒಂದು ಚಪ್ಪಟೆ ಜಾಗ. ಕಾರ್ಖಾನೆಯವರು ಅಲ್ಲಿ ಕಾರಿನ ನಂಬರನ್ನು ಒತ್ತಿರುತ್ತಾರೆ. ವರ್ಲಿನ್ ಬ್ರಷ್ಷಿನಿಂದ ಎಣ್ಣೆಜಿಡ್ಡು ಉಜ್ಜಿ, ಸೀಮೆಸುಣ್ಣ ಸವರಿ, ಟಾರ್ಚನ್ನು ಓರೆಯಾಗಿ ಹಿಡಿದು ಬಹಳ ಹೊತ್ತು ನೋಡುವರು. ಸುತ್ತ ನಿಂತವರು ಉಸಿರು ಬಿಗಿಹಿಡಿದಿರುವರು. ಕೊನೆಗೆ, ಎಲ್ಲವೂ ಸರಿಯಿದ್ದರೂ ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಇರಬಹುದು."

ಮಾಲೀಕರ ನೆನಪುಗಳನ್ನು ಅವರು ಕೇಳುತ್ತಲೇ ಇರಲಿಲ್ಲ. "ಜನ ಕಥೆ ಹೇಳ್ತಾರೆ ಕಣಮ್ಮ, ಕಬ್ಬಿಣ ಹೇಳಲ್ಲ. ಅದಕ್ಕೇ ನಾನು ಕಬ್ಬಿಣಾನೇ ಕೇಳೋದು," ಎಂದು ಒಮ್ಮೆ ನನಗೆ ಹೇಳಿದ್ದರು. ನಾನು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಅವರ ಕಣ್ಣಿಗೆ ಪೊರೆ ಬಂದಮೇಲೆ ಅವರನ್ನು ಕೂರಿಸಿಕೊಂಡು ಊರೂರು ಓಡಿಸುವ ಕೆಲಸ ತಾನಾಗಿ ನನ್ನದಾಯಿತು.

ಅವರ ಬದುಕಿನಲ್ಲಿ ಎಷ್ಟು ಹುಡುಕಿದರೂ ಸಿಗದೇ ಉಳಿದ ಇಂಜಿನ್ನು ಒಂದೇ, ಅದು ಬಾಲ್ಯದ ಗೆಳೆಯ ಡೆಲ್ಬರ್ಟ್ ಪೆಟ್ಕೊ ಅವರದು. ಪೆಟ್ರೋಲು ದುಬಾರಿಯಾದ ಕಾಲದಲ್ಲಿ ಡೆಲ್ಬರ್ಟ್ ತಮ್ಮ ಅರವತ್ತೊಂಬತ್ತರ ಕಿತ್ತಳೆ ಕಾರಿನ ಇಂಜಿನ್ನನ್ನು ಕಳಚಿ ಮಾರಿದ್ದರು. ಕಾರು ಮಾತ್ರ ಶೆಡ್ಡಿನಲ್ಲಿ, ಬಾನೆಟ್ಟಿನ ಕೆಳಗೆ ಖಾಲಿ ಗುಂಡಿಯಿಟ್ಟುಕೊಂಡು, ಉಳಿದಿತ್ತು. ಈಗ ಡೆಲ್ಬರ್ಟರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಈ ಚಳಿಗಾಲ ದಾಟುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಆ ಇಂಜಿನ್ನಿನ ಸದ್ದು ಇನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆ. ಅದನ್ನು ವರ್ಷಗಳಿಂದ ಹುಡುಕುತ್ತಿದ್ದ ವರ್ಲಿನ್, ತಂದೇ ತರುತ್ತೇನೆಂದು ಮಾತು ಕೊಟ್ಟಿದ್ದರು.

ಆ ಶರತ್ಕಾಲದಲ್ಲಿ ಅವರು ಸೊರಗಿದ್ದನ್ನು ನಾನು ಕಂಡೆ. ಮೇಪಲ್ ಎಲೆ ಕೆಂಪಾದಷ್ಟೂ ಅವರ ಊಟ ಕಡಿಮೆಯಾಯಿತು. ಗುಜರಿ ಅಂಗಡಿಗಳಲ್ಲಿ, ರೇಸಿನವರ ಹಳೆಯ ಕೊಟ್ಟಿಗೆಗಳಲ್ಲಿ, ಕೆರೆಯ ಮೋಟಾರುದೋಣಿಗಳ ಹೊಟ್ಟೆಯಲ್ಲಿ ಹುಡುಕಿದೆವು. ಹಿಂತಿರುಗುವಾಗ ಜೇಬಿನೊಳಗೆ ಅವರ ಬೆರಳುಗಳು ಸೀಮೆಸುಣ್ಣವನ್ನು ಪುಡಿಮಾಡುತ್ತಿರುತ್ತಿದ್ದವು.

ಡೆಲ್ಬರ್ಟರ ಮಗಳು ಮಾರ್ಲಾ ಒಮ್ಮೆ ನಮ್ಮನ್ನು ಮೆಟ್ಟಿಲ ಬಳಿ ತಡೆದಳು. "ಅಂಥದ್ದೇ ಒಂದು ತಂದು ನಂಬರ್ ಹೊಡೆದುಬಿಡಿ ಅಂಕಲ್. ಅಪ್ಪಂಗೆ ಸದ್ದು ಬೇಕು, ಸಾಕ್ಷಿ ಅಲ್ಲ."

ವರ್ಲಿನ್ ಟೋಪಿ ತೆಗೆದು, ನೋಡಿ, ಮತ್ತೆ ಹಾಕಿಕೊಂಡರು. "ನನ್ನ ಕೈಲಾಗಲ್ಲಮ್ಮ," ಎಂದಷ್ಟೇ ಹೇಳಿದರು. ಆ ರಾತ್ರಿ ಅವರ ಕೋಣೆಯ ದೀಪ ಆರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಡೆಲ್ಬರ್ಟರ ಅಡುಗೆಮನೆಯಲ್ಲಿ ಸೇಬಿನ ಪೈ ತಿನ್ನುತ್ತಾ ಕುಳಿತಿದ್ದೆವು. ವರ್ಲಿನ್ ಯಾವುದೋ ಕಾರನ್ನು ಕುರಿತು, ಗೆಳೆಯನಿಗೆ ಕೇಳಲೆಂದು ದನಿಯೆತ್ತಿ, ಬೈಯುತ್ತಿದ್ದರು. "ಕುದುರೆಶಕ್ತಿ ಹೆಚ್ಚಲಿ ಅಂತ ಇಂಜಿನ್ ಮೈಯನ್ನ ಹೆರೆಸ್ತಾರೆ, ಕತ್ತೆಗಳು! ಅದ್ರ ಜೊತೆ ನಂಬರೂ ಹೋಗುತ್ತೆ."

"ಕಿರಚಬೇಡ್ವೋ. ಕಿವಿ ಹೋಗಿದೆ, ಬುದ್ಧಿ ಅಲ್ಲ," ಎಂದರು ಡೆಲ್ಬರ್ಟ್. "ಎಲ್ಲಿರುತ್ತೆ ಆ ನಂಬರು?"

ವರ್ಲಿನ್ ಪೈ ತಟ್ಟೆಯನ್ನೇ ಇಂಜಿನ್ನು ಮಾಡಿ, ಅದರ ಒಂದು ಮೂಲೆಯನ್ನು ಮುಳ್ಳುಚಮಚದಿಂದ ಮುಟ್ಟಿ ತೋರಿಸಿದರು.

ಡೆಲ್ಬರ್ಟ್ ಆ ಮೂಲೆಯನ್ನು ನೋಡುತ್ತಾ ಕುಳಿತರು. ಆಮೇಲೆ ಮೆಲ್ಲಗೆ, "ಹಂಗಾದ್ರೆ ನಾನೂ ಕತ್ತೇನೇ. ಎಪ್ಪತ್ತೊಂದರಲ್ಲಿ ಹೆರೆಸಿದ್ದೆ. ಆ ಟೊಲೀಡೋ ಊರಿನ ಹುಡುಗನ್ನ ರೇಸಲ್ಲಿ ಸೋಲಿಸ್ಬೇಕಿತ್ತು."

"ನನಗ್ಯಾಕೋ ಹೇಳ್ಲಿಲ್ಲ?"

"ನೀನೆಲ್ಲಿ ಕೇಳಿದೆ?"

ವರ್ಲಿನ್ ಮುಳ್ಳುಚಮಚ ಕೆಳಗಿಟ್ಟರು; ಅವರಿಗೆ ನೆನಪಾದದ್ದೇನೆಂದು ನನಗೂ ಹೊಳೆಯಿತು. ಎರಡು ವರ್ಷಗಳ ಹಿಂದೆ, ಕೆರೆಯಂಚಿನ ಜೌಗುನೆಲದಲ್ಲಿ ಟೊಮೆಟೊ ಬೆಳೆಯುವ ಲೊವೆಲ್ ಬಾಯ್ಡ್ ಎಂಬಾತನ ಹೊಲದಲ್ಲಿ, ನೀರೆತ್ತುವ ಪಂಪಿಗೆ ಕಟ್ಟಿದ್ದ ಒಂದು ಇಂಜಿನ್ನನ್ನು ಅವರು ಪರೀಕ್ಷಿಸಿದ್ದರು. ಎರಕ ಹೊಯ್ದ ತಿಂಗಳು ಸರಿಯಿತ್ತು, ಆದರೆ ಆ ತಿಂಗಳಲ್ಲಿ ಅಂಥವು ಸಾವಿರಾರು ಹುಟ್ಟಿದ್ದವು. ನಂಬರಿನ ಜಾಗ ಗಾಜಿನಂತೆ ನುಣುಪಾಗಿತ್ತು. "ಇದಕ್ಕೆ ಬಾಯಿಲ್ಲ," ಎಂದು ಕೈಯೊರೆಸಿಕೊಂಡು ಹೊರಟುಬಂದಿದ್ದರು. ಬೆನ್ನ ಹಿಂದೆ ಲೊವೆಲ್, ಕರೆಂಟಿನ ಮೋಟಾರು ಬಂದಮೇಲೆ ಇದನ್ನು ಗುಜರಿಗೆ ಹಾಕುತ್ತೇನೆಂದು ಕೂಗಿ ಹೇಳಿದ್ದ.

ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಡೆಲ್ಬರ್ಟರನ್ನೂ ಕೂರಿಸಿಕೊಂಡು ಹೊರಟೆವು. ಕೊಯ್ದ ಮೆಕ್ಕೆಜೋಳದ ಹೊಲಗಳ ನಡುವಿನ ಆ ನೇರ ರಸ್ತೆ ಅಂದಿನಷ್ಟು ಉದ್ದವಾಗಿ ನನಗೆ ಎಂದೂ ಕಂಡಿರಲಿಲ್ಲ. ಎದುರಿಗೆ ಹಳೆ ಕಬ್ಬಿಣ ತುಂಬಿದ ಒಂದು ಲಾರಿ ಬಂದಾಗ ವರ್ಲಿನ್ ಕತ್ತು ತಿರುಗಿಸಿ, ಅದು ಕಣ್ಮರೆಯಾಗುವವರೆಗೂ ನೋಡಿದರು.

ಹೊಲದ ಮೂಲೆಯಲ್ಲಿ ಹೊಸ ಮೋಟಾರು ಗುಂಯ್‌ಗುಡುತ್ತಿತ್ತು. ಹಾಗಾದರೆ ಹಳೆಯದು ಗುಜರಿಗೆ ಹೋಗಿರಬೇಕು.

"ಹಳೇದಾ? ಕೊಟ್ಟಿಗೆ ಹಿಂದೆ ಬಿದ್ದಿದೆ ನೋಡಿ," ಎಂದ ಲೊವೆಲ್. "ಗುಜರಿಯೋನು ನಿನ್ನೇನೇ ಬರಬೇಕಿತ್ತು. ಅವನ ಲಾರಿ ಕೆಟ್ಟಿದೆಯಂತೆ. ಅವನ ಹತ್ರ ಇರೋದೆಲ್ಲ ಕೆಟ್ಟಿರೋದೇ ಬಿಡಿ."

ಹರಿದ ತಾಡಪಾಲಿನ ಕೆಳಗೆ ಅದು ಪಕ್ಕಕ್ಕೆ ಮಲಗಿತ್ತು. ವರ್ಲಿನ್ ಮಂಡಿಯೂರಿದರು. ಕೈ ಜೇಬಿಗೆ ಹೋಯಿತು, ಆದರೆ ಟಾರ್ಚು ತೆಗೆಯಲಿಲ್ಲ. ಇಂಜಿನ್ನಿಗೆ ಬೆನ್ನುಮಾಡಿ, ಗೆಳೆಯನ ಬಲಗಿವಿಯ ಕಡೆಗೆ ತಿರುಗಿ, ಅವರು ಯಾರನ್ನೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು. "ಡೆಲ್, ನೋಡಬೇಡ. ನೋಡದೇ ಹೇಳು. ಇನ್ನೇನು ಮಾಡಿದ್ದೆ ಇದಕ್ಕೆ?"

ಡೆಲ್ಬರ್ಟ್ ಕಣ್ಣು ಮುಚ್ಚಿದರು. "ಹಿಂದ್ಗಡೆ, ಗೇರುಪೆಟ್ಟಿಗೆ ಬೋಲ್ಟು ಕೂರೋ ಕಿವಿ. ಬಲಗಡೇದು. ಇಳಿಸುವಾಗ ಬೀಳಿಸಿ ಮುರಿದಿದ್ದೆ. ಅಪ್ಪ ಹಿತ್ತಾಳೆ ಬೆಸುಗೆ ಹಾಕಿಕೊಟ್ಟ. ಕಾಗೆ ಹಿಕ್ಕೆ ಹಾಕಿದಂಗಿತ್ತು."

ವರ್ಲಿನ್ ಚಾಕುವಿನ ತುದಿಯಿಂದ ಹಿಂಬದಿಯ ಹಸಿರು ಬಣ್ಣ ಕೆರೆದರು. ಒಂದು ಪದರ, ಅದರ ಕೆಳಗೆ ಇನ್ನೊಂದು. ಆಮೇಲೆ ವಕ್ರವಾದ, ಮೊಂಡು, ಹಳದಿ ಹೊಳಪು. ಅವರು ಅದರ ಮೇಲೆ ಹೆಬ್ಬೆರಳನ್ನಿಟ್ಟರು. ಅಭ್ಯಾಸಬಲದಿಂದ, "ಇರಬಹುದು" ಎಂದರು.

ಒಳಗೆ ನೀರು ಸೇರಿ ಪಿಸ್ಟನ್ನುಗಳು ಕಚ್ಚಿಕೊಂಡಿದ್ದವು. ಅವನ್ನು ಬಿಡಿಸುವ ಆ ವಾರಗಳಲ್ಲಿ, ದಿನವೂ ಸಂಜೆ ವರ್ಲಿನ್ ಯಾವುದೋ ನೆಪದಲ್ಲಿ ಗೆಳೆಯನ ಬಲಬದಿಗೆ ನಿಂತು ಮೆಲ್ಲಗೆ ಒಂದು ಮಾತಾಡಿ, ಉತ್ತರ ಬರುತ್ತದೆಯೋ ಎಂದು ಕಾಯುತ್ತಿದ್ದರು. ಕೆಲವು ಸಂಜೆ ಬರುತ್ತಿತ್ತು. ಮೊದಲ ಹಿಮ ಬಿದ್ದ ಮಧ್ಯಾಹ್ನ ಇಂಜಿನ್ನು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಗರ್ಜಿಸಿತು. ಕಿಟಕಿ ಗಾಜುಗಳು ಅದುರಿದವು. ಡೆಲ್ಬರ್ಟ್ ಕಾರಿನ ಮೈಮೇಲೆ ಎರಡೂ ಅಂಗೈಗಳನ್ನೂರಿ, ತಲೆ ಬಾಗಿಸಿ ನಿಂತಿದ್ದರು. ಅವರಿಗೆ ಕೇಳಿಸಿದ್ದೆಷ್ಟು, ಕೈಗೆ ತಿಳಿದದ್ದೆಷ್ಟು ಎಂದು ನಾವು ಕೇಳಲಿಲ್ಲ. ವರ್ಲಿನ್ ಒಬ್ಬರೇ ಅಂದು ಕಾರಿನತ್ತ ನೋಡಲಿಲ್ಲ. ಗೆಳೆಯನ ಮುಖವನ್ನೇ ನೋಡುತ್ತಿದ್ದರು.

ಮೂಲವನ್ನು ಹುಡುಕುವವರು ಸುಳ್ಳಿಗೆ ಹೆದರುತ್ತಾರೆಂದು ನಾನು ತಿಳಿದಿದ್ದೆ. ಅವರ ಆಳದ ಭಯ ಬೇರೆಯೇ: ನಿಜವೆಂಬುದು ಒಂದು ದಿನ ಯಾವ ಗುರುತೂ ಇಲ್ಲದೆ, ನುಣುಪು ಮೈಯಲ್ಲಿ ಎದುರಿಗೆ ಬಂದು ನಿಂತೀತು, ತಾವು ಅದಕ್ಕೆ ಬಾಯಿಲ್ಲವೆಂದು ಬೆನ್ನು ತಿರುಗಿಸಿ ನಡೆದುಬಿಟ್ಟಿರಬಹುದು ಎಂಬುದು. ಅಂಥವರ ಇರುಳುಗಳಿಗೆ ನಿದ್ದೆ ಕಡಿಮೆ. ಆದರೆ ನಡೆದ ದಾರಿಯಲ್ಲಿ ಹಿಂದಿರುಗಿ ಹೋಗಲು ನಾಚದವರೂ ಅವರೇ.