ಲೀಲಾಬಾಯಿಯವರ ದಾರ

“ಗೊರಕಿ ಹೊಡಿಯೋದಕ್ಕೂ ಪಗಾರ ಕೊಡಬೇಕೇನು ನಿಮಗ? ನಾಚಿಕಿ ಬರಂಗಿಲ್ಲಾ?”

“ನಾಚಿಕಿ ನಿಮಗ ಬರಬೇಕ್ರಿ ಮಾಲಕರ! ಮನಿಯವರ ಕಡಿಂದ ಹಗಲಿಂದೂ ತಗೋತೀರಿ, ರಾತ್ರಿದೂ ತಗೋತೀರಿ. ನಮಗ ಹಗಲಿಂದಷ್ಟ ಕೊಡ್ತೀರಿ. ರಾತ್ರಿದು ಯಾರ ಹೊಟ್ಟಿಗಿ ಹೋತು?”

ಬೈಲಹೊಂಗಲದ ಕಾರ್ಮಿಕ ಕಚೇರಿಯ ಕಟ್ಟೆಯ ಮೇಲೆ ಹೀಗೆ ಒದರಿದವಳು ನಾನೇ, ಹೂಲಿಯ ಶಟ್ಟೆವ್ವ. ಎದುರಿಗಿದ್ದವರು ನಮ್ಮ ಏಜೆನ್ಸಿಯ ಮಾಲಕ ರಘೋತ್ತಮ. ಹಾಸಿಗೆ ಹಿಡಿದ ಮುದುಕರನ್ನು ಅವರವರ ಮನೆಯಲ್ಲೇ ಉಳಿದು ನೋಡಿಕೊಳ್ಳಲು ನಮ್ಮನ್ನು ಕಳಿಸುತ್ತಾರೆ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹೆಂಗಸರೆಲ್ಲ ಕೂಡಿ ಒಂದೇ ಅರ್ಜಿ ಹಾಕಿದ್ದೆವು: ರಾತ್ರಿಯೂ ಕೆಲಸವೇ, ಅದಕ್ಕೂ ಓವರ್‌ಟೈಮ್ ಕೊಡಿ. ರಾತ್ರಿ ನಾವು ಬರೀ ಮಲಗಿರುತ್ತೇವೆ ಎಂಬುದು ಅವರ ವಾದ.

ಮಲಗುವುದು ನಿಜ. ಹೇಗೆ? ದಾರದ ಒಂದು ತುದಿ ಮುದುಕಿಯ ಕೈಗೆ, ಇನ್ನೊಂದು ನಮ್ಮ ಕೈಗೆ. ಜಗ್ಗಿದರೆ ಏಳಬೇಕು. ನೀರಿಗೆ, ಬಚ್ಚಲಿಗೆ, ಮಗ್ಗಲು ಬದಲಿಸಲಿಕ್ಕೆ; ಒಮ್ಮೊಮ್ಮೆ ‘ಎಚ್ಚರಿದ್ದೀಯೇನು’ ಎಂದು ಕೇಳಲಿಕ್ಕೂ ಜಗ್ಗುತ್ತಾರೆ. ನನ್ನ ದಾರ ಜಗ್ಗುವವರು ಬೇರೆ ಯಾರೂ ಅಲ್ಲ, ಇದೇ ರಘೋತ್ತಮರ ತಾಯಿ ಲೀಲಾಬಾಯಿ.

ಕಾರ್ಮಿಕ ಅಧಿಕಾರಿ ಸಾಹೇಬರು ವಿಚಾರಣೆಯನ್ನು ಮರುದಿನಕ್ಕೆ ಹಾಕಿದ್ದೇ ನನಗೆ ಪಿತ್ತ ನೆತ್ತಿಗೇರಿತು.

“ಇವತ್ತ ರಾತ್ರಿ ನಾ ಬರಂಗಿಲ್ಲ. ನಿಮ್ಮ ತಾಯಿ, ನಿಮ್ಮ ದಾರ. ನೀವ ಕಟ್ಕೊಂಡು ಮಲಗ್ರಿ!”

“ಮಲಗತೀನಿ. ಅದರಾಗೇನು ಪರಾಕ್ರಮ ಅದ?”

ಮರುದಿನ ಅವರು ಸಾಹೇಬರ ಕೋಣೆಗೆ ಬಂದಾಗ ಅಂಗಿಯ ಗುಂಡಿ ಮೇಲುಕೆಳಗಾಗಿತ್ತು, ಕಣ್ಣು ಕೆಂಡವಾಗಿತ್ತು. ಬಲಗೈಯಿಂದ ಕೆಂಪು ದಾರ ಜೋತಾಡುತ್ತಿತ್ತು. ಲೀಲಾಬಾಯಿ ಹಾಕಿದ ಗಂಟು ಬಿಚ್ಚಲು ನನಗೇ ಹಲ್ಲು ಬೇಕು. ಇವರು ನಡುವೆ ಕತ್ತರಿಸಿಕೊಂಡು ಬಂದಿದ್ದರು.

“ಯಕ್ಕಾ, ಮಾಲಕರು ಹಸಿ ಬಾಣಂತಿ ಆಗ್ಯಾರ ನೋಡ,” ಎಂದು ಕಿತ್ತೂರಿನ ರೇಣು ಪಿಸುಗುಟ್ಟಿದಳು.

ಅವರ ವಕೀಲರು ಗಂಟಲು ಸರಿಮಾಡಿಕೊಂಡು, “ಈ ಹೆಂಗಸರು ರಾತ್ರಿ ಮಾಡೋದು ಬರೇ ನಿದ್ದಿ, ಸಾಹೇಬರ...” ಎಂದು ಶುರುಮಾಡಿದರು. ಪಕ್ಕದಲ್ಲೇ ಮಾಲಕರ ತಲೆ ಎದೆಯ ಮೇಲೆ ಬಿತ್ತು. ಗೊರಕೆ ಎದ್ದಿತು. ವಕೀಲರು ದನಿ ಏರಿಸಿದರು, ಗೊರಕೆಯೂ ಏರಿತು.

ಹಿಂದೆ ಕುಳಿತಿದ್ದ ರೇಣು ಕೈಚಾಚಿ ದಾರ ಜಗ್ಗಿದಳು.

“ಬಂದೆ ಅವ್ವಾ! ತಡಿ, ಬಂದೆ!”

ಮಾಲಕರು ಜಿಗಿದೆದ್ದರು. ಮೇಜಿನ ಮೇಲಿದ್ದ ಸಾಹೇಬರ ನೀರಿನ ಲೋಟ ಎತ್ತಿಕೊಂಡು, ವಕೀಲರ ಕುತ್ತಿಗೆಗೆ ಕೈಕೊಟ್ಟು ಬಾಯಿಗೆ ಹಿಡಿದರು. ಅರ್ಧ ನೀರು ಕರಿ ಕೋಟಿನ ಮೇಲೆ ಹೋಯಿತು.

ಕೋಣೆಯೇ ನಕ್ಕಿತು. ಸಾಹೇಬರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಈಗ ನೀವ ಹೇಳ್ರಿ ರಘೋತ್ತಮ ಅವರ. ಇದು ನಿದ್ದಿನೋ, ಕೆಲಸಾನೋ?”

ಮಾಲಕರು ಲೋಟ ನೋಡಿದರು, ದಾರ ನೋಡಿದರು. ನನ್ನ ಮೇಲೆ ಹರಿಹಾಯುತ್ತಾರೆಂದು ನಾನೂ ಸೆರಗು ಸಿಗಿಸಿ ತಯಾರಾದೆ.

“ಕೆಲಸರಿ,” ಎಂದರು. “ಹಾಳಾದ್ದು, ಹಗಲಿನಕಿಂತ ಹೆಚ್ಚಿನ ಕೆಲಸ.”

“ಬರಕೊಳ್ರಿ ಸಾಹೇಬರ!” ಎಂದು ನಾವೆಲ್ಲ ಒಟ್ಟಿಗೇ ಕೂಗಿದೆವು.

ಸಾಹೇಬರು ಆ ಮಾತನ್ನೇ ಬರೆದುಕೊಂಡು ಅವರ ಸಹಿ ತೆಗೆದುಕೊಂಡರು. ಎಲ್ಲರ ರಾತ್ರಿಯನ್ನೂ ಕೆಲಸವೆಂದೇ ಹಿಡಿದು ಆದೇಶ ಮಾಡುವುದಾಗಿ ಹೇಳಿದರು.

ಮಾಲಕರು ಬಾಗಿಲ ತನಕ ಹೋಗಿ ನನ್ನ ಕಡೆ ತಿರುಗಿದರು. “ಶಟ್ಟೆವ್ವಾ, ಅವ್ವ ನಿನ್ನ ದಾರೀನ ನೋಡಲಿಕ್ಕೆ ಹತ್ಯಾಳ. ಇವತ್ತ ರಾತ್ರಿ ಬರತೀಯೇನು?”

“ಬರತೇನ್ರಿ. ಓವರ್‌ಟೈಮಿಗೆ.”

“ಮಾರಿ ತೊಳಕೊಂಡು ಬರತೀನಿ,” ಎಂದು ಅವರು ಹೊರಗೆ ನಡೆದರು. ನಳದ ಸಪ್ಪಳ ಕೇಳಲಿಲ್ಲ. ಸ್ಕೂಟರಿನ ಸಪ್ಪಳ ಕೇಳಿತು. ನಮ್ಮ ಚಹಾ ಮುಗಿಯಿತು, ವಕೀಲರ ಕೋಟು ಒಣಗಿತು. ಮಾಲಕರು ತಿರುಗಿ ಬರಲಿಲ್ಲ; ದಾರವಿಲ್ಲದ ಕಡೆ ಎಲ್ಲೋ ಮಲಗಲು ಓಡಿರಬೇಕು.